ಕುಳ್ಳಮ್ಮನ ಮಗ

ಆ ಕಾದಂಬರಿಯ ಹೆಸರನ್ನು ನಾನು ಹೇಳುವುದಿಲ್ಲ. ಹೇಳುವವರು ಇಷ್ಟು ವರ್ಷ ಹೇಳಿ ಹೇಳಿ ಅದಕ್ಕೆ ಪ್ರಶಸ್ತಿ, ಮರುಮುದ್ರಣ, ಪಠ್ಯಪುಸ್ತಕದ ಪಟ್ಟ ಎಲ್ಲವನ್ನೂ ಕಟ್ಟಿದ್ದಾರೆ. ಇನ್ನು ನನ್ನ ಬಾಯಿಂದಲೂ ಯಾಕೆ? ಬರೆದ ಮಹಾನುಭಾವರು ತೀರಿಕೊಂಡಿದ್ದಾರೆ. ತೀರಿಕೊಂಡವರನ್ನು ಬೈಯಬಾರದು ಅಂತ ನಮ್ಮವ್ವ ಹೇಳುತ್ತಾಳೆ. ಆಗಲಿ, ಅವರನ್ನು ಬೈಯುವುದಿಲ್ಲ. ಪುಸ್ತಕವನ್ನು ಬೈಯುತ್ತೇನೆ. ಅದು ಸತ್ತಿಲ್ಲವಲ್ಲ.

ಪಠ್ಯವಾಗಿ ಬರುವ ದೊಡ್ಡ ಪುಸ್ತಕಗಳೆಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಹೈಸ್ಕೂಲಿನಲ್ಲಿ ಒಂದು ಪ್ರಶ್ನೆ ಬರುತ್ತಿತ್ತು: ‘ಈ ಭಾಗವನ್ನು ಓದಿದಾಗ ನಿಮ್ಮ ಮನಸ್ಸಿನಲ್ಲಿ ಮೂಡಿದ ಭಾವನೆಗಳನ್ನು ಬರೆಯಿರಿ.’ ನನಗೆ ಮೂಡಿದ್ದು ನಿದ್ದೆ. ಹಾಗಂತ ಬರೆದರೆ ಅಂಕ ಕೊಡುತ್ತಾರಾ? ಗೈಡಿನಲ್ಲಿ ‘ಹೃದಯ ಕಲಕುತ್ತದೆ’ ಅಂತ ಇತ್ತು. ಹಾಗಾಗಿ ಇಡೀ ಕ್ಲಾಸಿನ ಹೃದಯಗಳು ಒಂದೇ ವಾಕ್ಯದಲ್ಲಿ, ಒಂದೇ ಕಾಗುಣಿತದ ತಪ್ಪಿನೊಂದಿಗೆ ಕಲಕುತ್ತಿದ್ದವು. ಓದಿ ಇಷ್ಟವಾಗಲಿಲ್ಲ ಅನ್ನುವ ಉತ್ತರಕ್ಕೆ ನಮ್ಮ ಪರೀಕ್ಷೆಗಳಲ್ಲಿ ಜಾಗವೇ ಇಲ್ಲ. ದೊಡ್ಡವರು ಮೊದಲೇ ಅತ್ತು ಮುಗಿಸಿದ್ದಾರೆ, ನಾವು ಹಿಂದೆ ನಿಂತು ಮೂಗು ಒರೆಸಿಕೊಳ್ಳಬೇಕು, ಅಷ್ಟೆ.

ಬಿ.ಎ. ಸೇರಿದ ಮೇಲಾದರೂ ಇದು ತಪ್ಪುತ್ತದೆ ಅಂದುಕೊಂಡಿದ್ದೆ. ತಪ್ಪಲಿಲ್ಲ. ನಮ್ಮದು ಪಿರಿಯಾಪಟ್ಟಣ ತಾಲ್ಲೂಕು, ಹಾರನಹಳ್ಳಿ ಹೋಬಳಿಯ ಒಂದು ಊರು. ದಿನಾ ಬಸ್ಸು ಹತ್ತಿ ಹುಣಸೂರಿನ ಕಾಲೇಜಿಗೆ ಹೋಗುತ್ತಿದ್ದೆ. ನಮ್ಮ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅದು ಸುಮ್ಮನೆ ಆದದ್ದಲ್ಲ. ಕೆ.ಆರ್. ನಗರದ ನಮ್ಮ ಮಾವ, ಅಂದರೆ ಅವ್ವನ ಅಣ್ಣ ಚನ್ನಬಸವಣ್ಣ, ನಾನು ಪಿಯುಸಿ ಮುಗಿಸುವ ಮೊದಲೇ ಅಲ್ಲಿನ ಕಬ್ಬಿನ ಗದ್ದೆಯವರ ಒಂದು ಗಂಡು ನೋಡಿಟ್ಟಿದ್ದ. ಅಪ್ಪ ಆಗ ಒಂದು ಮಾತು ಕೊಟ್ಟು ನನ್ನನ್ನು ಬಿಡಿಸಿಕೊಂಡಿದ್ದ: “ಎಲ್ಲೀಗಂಟ ಪಾಸಾಯ್ತಳೋ ಅಲ್ಲೀಗಂಟ ಓದ್ಲಿ ಬುಡು ಭಾವ. ಫೇಲಾದ್ ದಿನ ನೀನ್ ಹೇಳ್ದಂಗೆ.”

ಹಾಗಾಗಿ ನಾನು ಫೇಲಾಗುವ ಹಾಗಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಮೊದಲ ವರ್ಷದ ಕನ್ನಡಕ್ಕೆ ಆ ಕಾದಂಬರಿ ಇಟ್ಟಿದ್ದರು. ಅರ್ಧ ಪೇಪರು ಅದರದೇ. ಪಾಠ ಮಾಡುತ್ತಿದ್ದವರು ಸೋಮಶೇಖರ್ ಸರ್. ಕೆಟ್ಟ ಮನುಷ್ಯರಲ್ಲ. ಬಸ್ಸು ತಪ್ಪಿಸಿಕೊಂಡು ತಡವಾಗಿ ಬಂದವರಿಗೂ ಹಾಜರಿ ಕೊಡುವಂಥವರು. ಆದರೆ ಆ ಪುಸ್ತಕ ಕೈಗೆ ಬಂದರೆ ಅವರ ದನಿಯೇ ಬೇರೆಯಾಗುತ್ತಿತ್ತು. “ಇದು ನಮ್ಮ ಈ ಸೀಮೆಯಲ್ಲೇ ಹುಟ್ಟಿದ ಮಹಾನ್ ಕೃತಿ. ಇದನ್ನು ಓದಿ ಅಳದವನು ಮನುಷ್ಯನೇ ಅಲ್ಲ” ಅನ್ನುತ್ತಿದ್ದರು. ಆಮೇಲೆ ನೋಟ್ಸ್ ಬರೆಸುತ್ತಿದ್ದರು.

ನಾನು ಅದನ್ನು ಓದಿದ್ದು ನಮ್ಮ ಬ್ಯಾರನ್ ಮುಂದಿನ ಚಪ್ಪರದಲ್ಲಿ. ಹೊಗೆಸೊಪ್ಪು ಮುರಿಯುವ ಕಾಲ. ಅಜ್ಜಿ ಚಿಕ್ಕಸಿದ್ದಮ್ಮ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಕೂತಿದ್ದಳು. ಕಟ್ಟಿದ ಕಡ್ಡಿಗಳನ್ನು ಬ್ಯಾರನ್ ಅನ್ನುವ ಆ ಎತ್ತರದ ಗೂಡಿನೊಳಗೆ ಏರಿಸಿ ಬೇಯಿಸಬೇಕು. ನಾನು ಎಲೆ ಜೋಡಿಸಿಕೊಡುತ್ತಾ ತೊಡೆಯ ಮೇಲೆ ಪುಸ್ತಕ ಬಿಡಿಸಿಕೊಂಡಿದ್ದೆ. ಸೊಪ್ಪಿನ ಕರೀ ಅಂಟು ಪುಟಗಳಿಗೆಲ್ಲ ಮೆತ್ತಿ ಹಾಳೆ ತಿರುವಲು ಬರುತ್ತಿರಲಿಲ್ಲ. ತಿರುವದೇ ಇದ್ದಿದ್ದರೆ ಚೆನ್ನಾಗಿತ್ತು.

ಕಥೆ ಇಷ್ಟು. ಕಾಡಿನ ಪಕ್ಕದ ಒಂದು ಊರು. ಅಲ್ಲೊಬ್ಬಳು ಕಲ್ಲೆದೆಯ ತಾಯಿ. ಹುಟ್ಟಿ ಇನ್ನೂ ಹೊಕ್ಕುಳು ಒಣಗದ ಗಂಡು ಕೂಸನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲಿಡುತ್ತಾಳೆ. ನೆರೆಮನೆಯ ಕುಳ್ಳಗಿನ ಹೆಂಗಸೊಬ್ಬಳು ಬಂದು ಒಂದು ಮೊರ ತೌಡು ಕೊಟ್ಟು ಕೂಸನ್ನು ಎತ್ತಿಕೊಂಡು ಹೋಗುತ್ತಾಳೆ. ತಾಯಿ ಆ ತೌಡನ್ನು ತಂದು ಎಮ್ಮೆಗೆ ಕಲಸಿಡುತ್ತಾಳೆ. ಮುಂದಿನ ಅಧ್ಯಾಯದಲ್ಲಿ ಕೂಸು ತಾಯಿಯ ಹಾಲಿಲ್ಲದೆ ಸಾಯುತ್ತದೆ. ತಾಯಿ ಅಳುವುದೂ ಇಲ್ಲ. ಎಮ್ಮೆ ಕರೆಯಲು ಹೋಗುತ್ತಾಳೆ.

ಓದಿ ತಲೆ ಎತ್ತಿದೆ. ಆ ಕಲ್ಲೆದೆಯವಳು ನನ್ನ ಪಕ್ಕದಲ್ಲೇ ಎಲೆ ಕಟ್ಟುತ್ತಿದ್ದಳು. ಆ ಕೂಸು ಎದುರಿಗೆ, ಲುಂಗಿ ಎತ್ತಿ ಕಟ್ಟಿಕೊಂಡು, ಲಗೇಜ್ ಟೆಂಪೊದ ಟೈರಿಗೆ ನೀರು ಹೊಡೆಯುತ್ತಿತ್ತು. ನಮ್ಮಪ್ಪ, ನಿಂಗಯ್ಯ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ. ಅಪ್ಪನಿಗಿಂತ ಮುಂಚೆ ಅಜ್ಜಿಗೆ ಹುಟ್ಟಿದ ಮಕ್ಕಳು ಒಂದೂ ಉಳಿಯಲಿಲ್ಲ. ಹಾಗೆ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನದು ಹುಟ್ಟಿದಾಗ ಅದನ್ನು ತಿಪ್ಪೆಯ ಮೇಲಿಟ್ಟು, ಮಕ್ಕಳೆಲ್ಲ ಗಟ್ಟಿಯಾಗಿ ಉಳಿದ ಇನ್ನೊಬ್ಬ ತಾಯಿಗೆ ಒಂದು ಮೊರ ತೌಡಿಗೆ ಮಾರುತ್ತಾರೆ. ಅದು ಶಾಸ್ತ್ರ. ಸಾವಿಗೆ ಮಾಡುವ ಮೋಸ. ಇದು ಬೇಡದ ಕೂಸು, ತಿಪ್ಪೆಗೆ ಬಿದ್ದದ್ದು, ಈ ಮನೆಯದಲ್ಲ ಅಂತ ಸಾವಿಗೆ ಅನ್ನಿಸಬೇಕು, ಬಾಗಿಲಿಗೆ ಬಂದದ್ದು ಹಾಗೇ ಮುಂದೆ ಹೋಗಬೇಕು. ಅಪ್ಪನನ್ನು ಕೊಂಡವಳು ಪಕ್ಕದ ಮನೆಯ ಕುಳ್ಳಮ್ಮ. ಅಂದು ಸಾಯಂಕಾಲವೇ ಅಜ್ಜಿ ಕೂಲಿಯವಳ ಹಾಗೆ ಕುಳ್ಳಮ್ಮನ ಮನೆಗೆ ಹೋಗಿ ತನ್ನ ಕೂಸಿಗೆ ಹಾಲೂಡಿಸಿದಳು. ಆಮೇಲೆ ಸಾಕಲು ಅಂತ ಮನೆಗೆ ತಂದಳು. ಆದರೆ ಮಾರಿದ್ದು ಮಾರಿದ್ದೇ. ‘ನನ್ನ ಮಗ’ ಅಂತ ಬಾಯಲ್ಲಿ ಬರಬಾರದು. ಸಾವು ಕೇಳಿಸಿಕೊಂಡರೆ ವಾಪಸ್ಸು ಬರುತ್ತದೆ.

ಅಪ್ಪನ ಮೀಸೆ ನರೆತರೂ ಅಜ್ಜಿಯ ಬಾಯಲ್ಲಿ ಅವನು ಕುಳ್ಳಮ್ಮನ ಮಗನೇ. “ಕುಳ್ಳಮ್ಮನ್ ಮಗ ಉಂಡ್ನಾ?” “ಕುಳ್ಳಮ್ಮನ್ ಮಗ ಇನ್ನೂ ಬರ್ನಿಲ್ವಾ?” ಅಪ್ಪನೂ ಕುಳ್ಳಮ್ಮನನ್ನು ಕೊನೆಯವರೆಗೂ ಅವ್ವ ಅಂದ, ಹೆತ್ತ ತಾಯಿಯನ್ನು ಚಿಕ್ಕವ್ವ ಅನ್ನುತ್ತಾನೆ. ಜನಗಣತಿಗೆ ಬಂದ ಮೇಡಮ್ಮು ಒಮ್ಮೆ “ನಿಮಗೆ ಮಕ್ಕಳೆಷ್ಟಜ್ಜಿ?” ಅಂತ ಕೇಳಿದರೆ ಅಜ್ಜಿ “ಇಲ್ಲ ಕಣವ್ವ, ಇವ್ನು ಪಕ್ಕದ್ಮನೆ ಕುಳ್ಳಮ್ಮನ್ ಮಗ” ಅಂದುಬಿಟ್ಟಿದ್ದಳು. ಆಕೆ ಪೆನ್ನು ಹಿಡಿದುಕೊಂಡು ಅಪ್ಪನ ಮುಖ ನೋಡಿದಳು. ಅಪ್ಪ ನಕ್ಕು ನಕ್ಕು ಸುಸ್ತಾದ.

ಆ ಬರೆದವರು ಆಗ ನಮ್ಮೂರ ಸ್ಕೂಲಿಗೆ ಹೊಸದಾಗಿ ಬಂದಿದ್ದ ಮೇಷ್ಟ್ರು. ನಮ್ಮ ಮನೆಯ ಎದುರಿಗೇ ಒಂದು ಕೋಣೆಯಲ್ಲಿದ್ದರು. ಮುನ್ನುಡಿಯಲ್ಲಿ ‘ಇದು ಕಣ್ಣಾರೆ ಕಂಡ ಸತ್ಯ’ ಅಂತ ಬರೆದಿದ್ದಾರೆ. ಕಂಡಿದ್ದು ನಿಜವೇ. ಬೆಳಿಗ್ಗೆ ಕಂಡರು. ಸಾಯಂಕಾಲದ್ದನ್ನು ಕಾಣಲಿಲ್ಲ. ಸ್ವಲ್ಪ ದಿನಕ್ಕೇ ವರ್ಗವಾಗಿ ಹೋದರಂತೆ. ಹೋದವರು ಕೂಸು ಏನಾಯಿತು ಅಂತ ಒಂದು ಕಾರ್ಡು ಹಾಕಿ ಕೇಳಲಿಲ್ಲ. ಸಾಯಿಸಿದರು.

ಮಾರನೇ ದಿನ ಕ್ಲಾಸಿನಲ್ಲಿ ಎದ್ದು ನಿಂತೆ. ನಮ್ಮಜ್ಜಿ ಅಂತ ಹೇಳುವ ಧೈರ್ಯ ಬರಲಿಲ್ಲ. “ಸಾರ್, ಅದು ಮಾರೋದಲ್ಲ, ಶಾಸ್ತ್ರ. ನಮ್ಮೂರಲ್ಲೆಲ್ಲ ಮಾಡ್ತಾರೆ. ಕೂಸು ಉಳೀಲಿ ಅಂತ ಮಾಡೋದು” ಅಂದೆ.

ಸರ್‌ಗೆ ಬೇಜಾರಾಗಲಿಲ್ಲ. ಬದಲಿಗೆ ಖುಷಿಯಾಯಿತು. “ತುಂಬಾ ಒಳ್ಳೆ ಮಾಹಿತಿ ಸಿಂಧು. ಜಾನಪದದ ಪೇಪರಿಗೆ ಉಪಯೋಗ ಆಗುತ್ತೆ. ಆದರೆ ಇಲ್ಲಿ ಕೃತಿಯಲ್ಲಿ ಏನಿದೆಯೋ ಅದನ್ನೇ ಬರೀಬೇಕು. ಪೇಪರ್ ತಿದ್ದೋರು ನಿಮ್ಮೂರಿಗೆ ಬಂದು ವಿಚಾರಿಸಲ್ಲಮ್ಮ” ಅಂದರು. ಕ್ಲಾಸು ನಕ್ಕಿತು. ಆಮೇಲೆ ಅವರಿಗೆ ಹೊಳೆಯಿತು. “ಯಾವುದು ನಿಮ್ಮೂರು?” ಹೇಳಿದೆ. ಅವರ ಮುಖ ಅರಳಿದ್ದು ನೋಡಬೇಕಿತ್ತು. “ಅಯ್ಯೋ! ಮೇಷ್ಟ್ರು ಕೆಲಸ ಮಾಡಿದ ಊರು! ಕಾದಂಬರಿಗೆ ಐವತ್ತು ತುಂಬ್ತಿದೆ. ಕಾರ್ಯಕ್ರಮ ಅಲ್ಲೇ ಮಾಡೋಣ!”

ನನ್ನ ಬಾಯಿಗೆ ಬೀಗ ಹಾಕಿಕೊಳ್ಳಬಾರದಿತ್ತೇ ಅನ್ನಿಸಿತು.

ಕಾರ್ಯಕ್ರಮ ನಮ್ಮೂರ ಸ್ಕೂಲಿನ ಅಂಗಳದಲ್ಲಿ, ಮಧ್ಯಾಹ್ನ ಊಟವಾದ ಮೇಲೆ. ಶಾಮಿಯಾನ, ಮೈಕು, ಹುಣಸೂರಿನಿಂದ ಬಸ್ಸಿನಲ್ಲಿ ಬಂದ ನಮ್ಮ ಕ್ಲಾಸಿನವರು. ಭಾಷಣಗಳಾದ ಮೇಲೆ ಆ ಅಧ್ಯಾಯವನ್ನು ನಾಟಕ ಮಾಡುವುದು ಅಂತ ತೀರ್ಮಾನವಾಗಿತ್ತು. ತಾಯಿಯ ಪಾರ್ಟು ನನ್ನ ಗೆಳತಿ ಸೌಂದರ್ಯಳದು. ನನಗೇ ಮಾಡು ಅಂದಿದ್ದರು. ಗಂಟಲು ನೋವು ಅಂತ ತಪ್ಪಿಸಿಕೊಂಡೆ.

ಅಜ್ಜಿಯನ್ನು ಮನೆಯಲ್ಲೇ ಉಳಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. “ಬರೀ ಭಾಷಣ ಅಜ್ಜಿ. ನಿಂಗೆ ಸೊಂಟ ನೋಯ್ತದೆ, ಮಲಿಕೋ” ಅಂದೆ.

“ಓಗೆ ಅತ್ಲಾಗಿ! ನಿನ್ ಕಾಲೇಜ್ನೋರು ನಮ್ಮೂರ್ಗೆ ಬಂದವ್ರೆ, ನಾನು ಮನೇಲ್ ಬಿದ್ಕಂಡಿದ್ರೆ ಏನಂದಾರು?” ಅಂತ ಅಜ್ಜಿ ಪೆಟ್ಟಿಗೆಯಿಂದ ಒಳ್ಳೆ ಸೀರೆ ತೆಗೆದು ಉಟ್ಟು, ಪಕ್ಕದ ಮನೆಯ ಸುನಂದಮ್ಮನನ್ನೂ ಎಬ್ಬಿಸಿಕೊಂಡು ಹೊರಟಳು. ಸುನಂದಮ್ಮ ಕುಳ್ಳಮ್ಮನ ಸೊಸೆ. ಸೋಮಶೇಖರ್ ಸರ್ ಇಬ್ಬರನ್ನೂ ಮುಂದಿನ ಕುರ್ಚಿಯಲ್ಲಿ ಕೂರಿಸಿ, ಕೈಯಾರೆ ಮಜ್ಜಿಗೆ ಕೊಟ್ಟರು. ನಾನು ಅಜ್ಜಿಯ ಕುರ್ಚಿಯ ಹಿಂದೆ ನಿಂತುಕೊಂಡೆ. ಅಪ್ಪ ಟೆಂಪೊ ನಿಲ್ಲಿಸಿ ಬೇಲಿಯ ಹತ್ತಿರ ನಿಂತಿದ್ದ.

ಸೌಂದರ್ಯ ಮೊರ ಹಿಡಿದುಕೊಂಡು ಬಂದಳು. ಮೊರದಲ್ಲಿ ಬಟ್ಟೆ ಸುತ್ತಿದ ಗೊಂಬೆ. ಅದನ್ನು ಹುಲ್ಲಿನ ಗುಡ್ಡೆಯ ಮೇಲಿಟ್ಟಳು. ಅಜ್ಜಿ ನೆಟ್ಟಗೆ ಕೂತಳು. ಇನ್ನೊಂದು ಹುಡುಗಿ ಸೊಂಟ ಬಗ್ಗಿಸಿ ಕುಳ್ಳಗಾಗಿ ನಡೆಯುತ್ತಾ ತೌಡು ತಂದಳು.

“ಅಯ್ಯಯ್ಯೋ! ಸುನಂದಿ, ನೋಡೇ! ಇದು ನಮ್ಮನೇದು ಕಣೇ!” ಅಂತ ಅಜ್ಜಿ ಸುನಂದಮ್ಮನ ತೊಡೆಗೆ ಹೊಡೆದಳು. “ನಿಮ್ಮತ್ತೆ ಕಣೇ ಅದು! ಅವ್ಳು ನಡೆಯೋದ್ ನೋಡು, ಥೇಟು ಅಂಗೇ! ಇವ್ರಿಗೆಲ್ಲ ಎಂಗ್ ಗೊತ್ತಾಯ್ತು? ಸಿಂಧು, ನೀನ್ ಹೇಳ್ಕೊಟ್ಯಾ?”

ಅಜ್ಜಿ ಅಷ್ಟು ಸಂತೋಷದಲ್ಲಿದ್ದದ್ದನ್ನು ನಾನು ನೋಡಿರಲಿಲ್ಲ. ತನ್ನ ಬದುಕಿನ ದೊಡ್ಡ ಗೆಲುವನ್ನು ಊರಿಗೆಲ್ಲ ತೋರಿಸುತ್ತಿದ್ದಾರೆ ಅಂದುಕೊಂಡಿದ್ದಳು. ಸುನಂದಮ್ಮನೂ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಅಜ್ಜಿಯ ಕುರ್ಚಿಯ ಬೆನ್ನು ಹಿಡಿದುಕೊಂಡೆ.

ಮುಂದಿನ ದೃಶ್ಯ ಬಂತು. ಹಿಂದೆ ಯಾರೋ ಹುಡುಗ ಮೈಕಿನಲ್ಲಿ ಕಾದಂಬರಿಯ ಸಾಲುಗಳನ್ನು ಓದುತ್ತಿದ್ದ. ಪುಸ್ತಕದ ಕನ್ನಡ, ಅಜ್ಜಿಗೆ ಅರ್ಧ ತಿಳಿಯಿತೋ ಇಲ್ಲವೋ. ಒಬ್ಬಳು ಬಂದು ಗೊಂಬೆಯ ಮೇಲೆ ಬಿಳಿ ಬಟ್ಟೆ ಎಳೆದಳು. ಸೌಂದರ್ಯ ಅತ್ತ ನೋಡದೆ ಚೊಂಬು ಹಿಡಿದುಕೊಂಡು ಎಮ್ಮೆ ಕರೆಯಲು ಹೋದಳು. ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು “ಥೂ, ಇವ್ಳೂ ಒಬ್ಳು ತಾಯಾ?” ಅಂದಳು.

ಅಜ್ಜಿ ತಿರುಗಿ ನನ್ನ ಕಡೆ ನೋಡಿದಳು. “ಸಿಂಧು, ಕೂಸಿನ್ ಮಖದ್ ಮ್ಯಾಲೆ ಯಾಕವ್ವ ಬಟ್ಟೆ ಮುಚ್ಚುದ್ರು?”

ನಾನು ಸೌಂದರ್ಯ ಹೋದ ಕಡೆ ನೋಡಿದೆ.

“ಕೇಳ್ತಾಯಿಲ್ವಾ? ಯಾಕ್ ಮುಚ್ಚುದ್ರು ಅಂತ?”

ನಾನು ತಲೆ ತಗ್ಗಿಸಿದೆ. ಅಜ್ಜಿಗೆ ಅಷ್ಟು ಸಾಕಾಯಿತು. ಎದ್ದು ನಿಂತಳು. ಸೊಂಟ ನೋವು ಅನ್ನುವವಳು ಯಾರ ಕೈಯನ್ನೂ ಹಿಡಿಯದೆ ಎದ್ದಳು. “ತಗೀರ್ಲಾ ಬಟ್ಟೆಯ! ತಗೀರಿ! ನನ್ ಮಗ ಕಣ್ರೋ ಅದು! ನನ್ ಮಗ ಬದುಕವ್ನೆ!” ಅಂತ ಕಿರುಚಿದಳು.

ಹಿಂದಿನ ಸಾಲಿನ ಹುಡುಗರು ಇದೂ ನಾಟಕದ್ದೇ ಅಂದುಕೊಂಡು ಚಪ್ಪಾಳೆ ತಟ್ಟಿದರು.

ಅಜ್ಜಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಜೀವಮಾನ ಪೂರ್ತಿ ನುಂಗಿಕೊಂಡಿದ್ದ ಮಾತು ಊರ ಮುಂದೆ, ಅದೂ ಬಾಯ್ಬಿಟ್ಟು ಕೂಗಿ, ಹೊರಗೆ ಬಿದ್ದಿತ್ತು. ಅವಳ ಮುಖದ ಮೇಲಿನ ಹೆದರಿಕೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬೇಲಿಯ ಹತ್ತಿರ ಅಪ್ಪ ಇದ್ದಾನಾ, ನಿಂತಿದ್ದಾನಾ, ಉಸಿರಾಡುತ್ತಿದ್ದಾನಾ ಅಂತ ಹುಡುಕಿದಳು. ಅಪ್ಪ ಓಡಿ ಬಂದ.

ಸೋಮಶೇಖರ್ ಸರ್‌ಗೆ ಆಗ ಅರ್ಥವಾಯಿತು. ಬೆವರು ಒರೆಸಿಕೊಂಡು ಅಜ್ಜಿಯ ಮುಂದೆ ಬಗ್ಗಿ ಕೂತರು. “ಅಜ್ಜಿ, ಗಾಬರಿ ಆಗ್ಬೇಡಿ. ಇದು ಬರೀ ಕಥೆ. ಯಾರೂ ಸತ್ತಿಲ್ಲ.”

“ಬರೀ ಕಥೆ ಆದ್ರೆ ಬದುಕ್ಸಿ ಸ್ವಾಮಿ” ಅಂದಳು ಅಜ್ಜಿ. “ನನ್ನ ಎಂಗಾದ್ರೂ ಬೈಕಳಿ. ಕಲ್ಲು ಅನ್ನಿ, ರಾಕ್ಷಸಿ ಅನ್ನಿ. ಕೂಸ್ನ ಬದುಕ್ಸಿ. ನಿಮ್ ಗಂಟೇನ್ ಓಯ್ತದೆ?”

“ಹಾಗೆಲ್ಲ ಬದಲಾಯಿಸೋಕೆ ಬರಲ್ಲ ಅಜ್ಜಿ. ಅದು ದೊಡ್ಡ ಕೃತಿ. ಬರೆದವರೂ ಈಗಿಲ್ಲ.”

“ಯಾರು ಬರ್ದೋರು?”

ಸರ್ ಹೆಸರು ಹೇಳಿದರು. ಇಲ್ಲಿ ಮೇಷ್ಟ್ರಾಗಿದ್ದವರು ಅಂದರು. “ಎದ್ರುಮನೆ ಮೇಷ್ಟ್ರಾ? ಜ್ವರ ಬಂದಾಗ ಗಂಜಿ ಕಾಸ್ಕೊಟ್ಟಿದ್ದೆ. ದಿನಾ ನಮ್ಮನೆ ಸಾರು ಉಂಡೋರು. ಒಂದ್ ಮಾತು ಕೇಳಿದ್ರೆ ನಾನೇ ಹೇಳ್ತಿರ್ನಿಲ್ವಾ?”

ಅಜ್ಜಿ ಮತ್ತೆ ಕೇಳಿದಳು: “ಎಷ್ಟ್ ಜನ ಓದವ್ರೆ ಇದ್ನ?”

“ಲಕ್ಷಗಟ್ಟಲೆ ಜನ ಓದಿದಾರೆ ಅಜ್ಜಿ.” ಅಷ್ಟು ಹೊತ್ತಿನಲ್ಲೂ ಅವರ ದನಿಯಲ್ಲಿ ಹೆಮ್ಮೆ ಇತ್ತು.

“ಓದ್ದಾಗೆಲ್ಲ ಸಾಯ್ತನಾ?”

ಸರ್ ವಾಚು ನೋಡಿಕೊಂಡರು. ಮೈಕಿನಲ್ಲಿ ವಂದನಾರ್ಪಣೆ ಶುರುವಾಗಿತ್ತು.

ಅಂದು ಮನೆಗೆ ಬಂದ ಅಜ್ಜಿ ಊಟ ಮಾಡಲಿಲ್ಲ. ಅಪ್ಪ ಕೆಮ್ಮಿದರೆ ಬೆಚ್ಚಿಬೀಳುವಳು. ಬೆಳಗಾಗುತ್ತಲೇ ಮೊರ ತೊಳೆದು ಬಿಸಿಲಿಗಿಟ್ಟು, ಅಪ್ಪನ ಮುಂದೆ ಬಂದು ನಿಂತಳು. “ಬಾ, ಮತ್ತೆ ಮಾರ್ಬುಡ್ತೀನಿ.”

“ತಲೆಗಿಲೆ ಕೆಟ್ಟದಾ ಚಿಕ್ಕವ್ವ? ವಯಸ್ಸಿಗ್ ಬಂದ್ ಮಗ್ಳಿಟ್ಕಂಡಿರೋನ್ನ ತಿಪ್ಪೆ ಮ್ಯಾಲೆ ಕೂರುಸ್ತೀಯಾ?” ಅಂತ ಅಪ್ಪ ರೇಗಿದ. ಅಜ್ಜಿ ವಾದ ಮಾಡಲಿಲ್ಲ. ತಿಪ್ಪೆಯ ಪಕ್ಕ ಹೋಗಿ ಮೊರ ಹಿಡಿದುಕೊಂಡು ಕೂತಳು. ಬಿಸಿಲೇರಿದರೂ ಏಳಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. ಕೊನೆಗೆ ಅಪ್ಪ ಲುಂಗಿ ಎತ್ತಿ ಕಟ್ಟಿ ತಿಪ್ಪೆಯ ಅಂಚಿಗೆ ಹೋಗಿ ಕೂತ. ಮೊರದಲ್ಲಿ ಕೂರುವ ಹಾಗಿಲ್ಲವಲ್ಲ, ಬಲಗಾಲು ಮಾತ್ರ ಇಟ್ಟ. ಕುಳ್ಳಮ್ಮ ಇಲ್ಲ, ಅವಳ ಸೊಸೆ ಸುನಂದಮ್ಮ ಮಿಲ್ಲಿನ ತೌಡನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದು ಸುರಿದು, “ಬಾರಪ್ಪ ನಮ್ಮನ್ಗೆ” ಅಂತ ಕೈ ಹಿಡಿದು ಎಬ್ಬಿಸಿಕೊಂಡು ಹೋದಳು. ಅಪ್ಪ ಅವಳ ಮನೆಯಲ್ಲಿ ಕಾಫಿ ಕುಡಿದು, ಹೊತ್ತು ಮುಳುಗುವವರೆಗೆ ಟಿ.ವಿ. ನೋಡಿಕೊಂಡಿದ್ದು ಬಂದ. ಬೀದಿಯಲ್ಲಿ ನಿಂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅಜ್ಜಿ ತೌಡನ್ನು ಎಮ್ಮೆಗೆ ಕಲಸಿಟ್ಟಳು. ಪುಸ್ತಕದಲ್ಲಿ ಸರಿಯಾಗಿದ್ದದ್ದು ಅದೊಂದೇ.

ಆಮೇಲೆ ನನ್ನನ್ನು ಕರೆದಳು. “ಸಿಂಧು, ಊರೋರು ಏನಾರ ಬರ್ಕಳ್ಳಿ. ಅವ್ರ ಬಾಯಿ ಕಟ್ಟಕ್ಕಾಗಲ್ಲ. ನೀನ್ ಬರೀಬ್ಯಾಡ ಕಣವ್ವ, ಅವ್ನು ಸತ್ತ ಅಂತ. ಮನೆ ಕೂಸು ಬರುದ್ರೆ ತಟ್ಟದೆ ಇದ್ದದಾ? ಕುಳ್ಳಮ್ಮನ್ ಮಗನ್ ತಲೆ ಮುಟ್ಟಿ ಆಣೆ ಮಾಡು.”

ಅಪ್ಪನ ತಲೆಯ ಮೇಲೆ ಕೈ ಇಟ್ಟು ಆಣೆ ಮಾಡಿದೆ. ಅಪ್ಪ ಕಣ್ಣು ಮಿಟುಕಿಸಿದ.

ಪರೀಕ್ಷೆಯಲ್ಲಿ ಬಂದೇ ಬಂತು: ‘ಮಗುವಿನ ಸಾವಿಗೆ ತಾಯಿಯೇ ಹೊಣೆ. ಕಾದಂಬರಿಯ ಹಿನ್ನೆಲೆಯಲ್ಲಿ ಸಮರ್ಥಿಸಿ.’ ವಿವರಿಸಿ ಅಂತಲೂ ಅಲ್ಲ, ಸಮರ್ಥಿಸಿ. ಮಿಕ್ಕ ಪ್ರಶ್ನೆಗಳೂ ಅದರ ಸುತ್ತಲೇ. ನಾನು ನನಗೆ ಗೊತ್ತಿದ್ದದ್ದನ್ನು ಬರೆದೆ. ಮಗು ಸತ್ತಿಲ್ಲ, ತಾಯಿ ಸಾಯಂಕಾಲ ಹಾಲೂಡಿಸಿದಳು, ಇವತ್ತು ಆ ಮಗು ಹೊಗೆಸೊಪ್ಪಿನ ಬೇಲುಗಳನ್ನು ಟೆಂಪೊದಲ್ಲಿ ಹರಾಜು ಕಟ್ಟೆಗೆ ಹೊಡೆಯುತ್ತದೆ ಅಂತೆಲ್ಲ ಪುಟಗಟ್ಟಲೆ ಬರೆದೆ. ನನ್ನ ಜನ್ಮದಲ್ಲಿ ಮನಸ್ಸಿಟ್ಟು ಬರೆದ ಉತ್ತರ ಅದೊಂದೇ.

ಫೇಲಾದೆ. ನಂಬಿಕೆ ಬರದೆ ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿ ನೋಡಿದೆ. ಪುಟದ ಉದ್ದಕ್ಕೂ ಕೆಂಪು ಗೀಟು ಎಳೆದು ಕೆಳಗೆ ಬರೆದಿದ್ದರು: ‘ಕೃತಿಯನ್ನು ಓದಿಯೇ ಇಲ್ಲ.’

ಪುಟ ಪುಟಕ್ಕೆ ಸೊಪ್ಪಿನ ಅಂಟು ಹತ್ತಿಸಿಕೊಂಡು ಓದಿದವಳು ನಾನು. ಪುಸ್ತಕ ಮುಟ್ಟದೆ ಗೈಡು ಉರು ಹೊಡೆದ ಸೌಂದರ್ಯ ಫಸ್ಟ್ ಕ್ಲಾಸು. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಾಟಕದ ದಿನ ಅಜ್ಜಿಯ ಕಾಲಿಗೆ ಬಿದ್ದು ಅತ್ತವಳು ಅವಳೊಬ್ಬಳೇ.

ಚನ್ನಬಸವಣ್ಣ ಮಾವ ಕೆ.ಆರ್. ನಗರದಿಂದ ಫೋನು ಮಾಡಿದ. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. “ಕನ್ನಡದಲ್ಲಿ ಫೇಲಾ? ಇಂಗ್ಲಿಷ್‌ನಲ್ಲಿ ಆಗಿದ್ರೆ ಏನೋ ಅನ್ಬೋದಿತ್ತು. ಮಾತಾಡೋ ಭಾಷೇಲೇ ಫೇಲಾದೋಳ್ನ ಇನ್ನೇನ್ ಓದುಸ್ತೀರಿ ಭಾವ? ಗಂಡಿನೋರು ಇನ್ನೂ ಕಾಯ್ತಾ ಅವ್ರೆ.” ಅಪ್ಪ “ಇನ್ನೊಂದ್ ಸಲ ಕಟ್ಲಿ ಬುಡು ಭಾವ, ಇದೇ ಕೊನೆ” ಅಂದ. ಅವ್ವ ಮುಖ ಊದಿಸಿಕೊಂಡು ಪಾತ್ರೆ ಕುಕ್ಕಿದಳು. ಖುಷಿಯಾಗಿದ್ದವಳು ಅಜ್ಜಿ ಒಬ್ಬಳೇ. “ಫೇಲಾದ್ರೆ ಆಗ್ಲಿ ಬುಡವ್ವ. ಜೀವ ದೊಡ್ದಾ, ಪಾಸು ದೊಡ್ದಾ?” ಅಂತ ನನ್ನ ತಲೆಗೆ ಎಣ್ಣೆ ತಟ್ಟಿದಳು.

ಮರುಪರೀಕ್ಷೆಯ ದಿನ ಅಪ್ಪನೇ ಟೆಂಪೊದಲ್ಲಿ ಹುಣಸೂರಿಗೆ ಕರೆದುಕೊಂಡು ಹೋದ. ಕಾಲೇಜಿನ ಗೇಟಿನ ಮುಂದೆ ಇಂಜಿನ್ ಆಫ್ ಮಾಡಿ, ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಅಂದ: “ಸಿಂಧು, ನನ್ನ ಸಾಯ್ಸ್ಬುಡವ್ವ. ಸಾಯ್ಸ್ಬುಟ್ಟು ಪಾಸಾಗು.”

“ಆಣೆ ಮಾಡಿದೀನಪ್ಪ.”

“ನನ್ ತಲೆ ಮ್ಯಾಲಿನ್ ಆಣೆ ತಾನೆ? ನನ್ ತಲೆ. ನಾನೇ ಬುಟ್ಟೆ ಅಂತಿವ್ನಿ, ಓಗು” ಅಂದು ನಕ್ಕ. “ಆ ಕಬ್ಬಿನ್ ಗದ್ದೇಲಿ ನೀನು ಸೊಂಟ ಮುರ್ಕಂಡ್ ಬಿದ್ದಿರಾದ್ನ ನೋಡಕ್ಕಿಂತ ಪುಸ್ತಕದಲ್ಲಿ ಸಾಯೋದು ವಾಸಿ ಕಣವ್ವ ನಂಗೆ.”

ಪ್ರಶ್ನೆಯಲ್ಲಿ ಎರಡು ಪದ ಅತ್ತಿತ್ತ ಆಗಿತ್ತು, ಅಷ್ಟೆ. ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಮೇಲ್ವಿಚಾರಕಿ ಬಂದು “ಹುಷಾರಿಲ್ವೇನಮ್ಮ?” ಅಂತ ಕೇಳಿ ಹೋದರು. ಆಮೇಲೆ ಬರೆದೆ. ‘ಹಸುಗೂಸು ಸಾಯುತ್ತದೆ. ಈ ಸಾವಿಗೆ ತಾಯಿಯ ಕ್ರೌರ್ಯವೇ ಕಾರಣ. ಹೆತ್ತ ಕರುಳಿನ ಈ ಅವನತಿಯನ್ನು ಓದುವಾಗ ಹೃದಯ ಕಲಕುತ್ತದೆ.’ ಅಕ್ಷರಗಳು ದುಂಡಗೆ ಬಂದವು. ಅಡಿಗೆರೆಯನ್ನೂ ಹಾಕಿದೆ. ಮುಗಿಸಿ ಹೊರಗೆ ಬಂದಾಗ ಅಪ್ಪ ಗೇಟಿನಲ್ಲೇ ಕಾಯುತ್ತಿದ್ದ. ಒಂದು ಕ್ಷಣ ಅವನನ್ನು ಮುಟ್ಟಿ ನೋಡಬೇಕು ಅನ್ನಿಸಿತು. ಮುಟ್ಟಲಿಲ್ಲ. ಅವನೂ ಹೆಂಗೆ ಬರೆದೆ ಅಂತ ಕೇಳಲಿಲ್ಲ.

ಪಾಸಾದೆ. ಒಳ್ಳೆಯ ಅಂಕವೇ ಬಂತು. ಸೋಮಶೇಖರ್ ಸರ್ ಕಾರಿಡಾರಿನಲ್ಲಿ ನಿಲ್ಲಿಸಿ, “ವೆರಿ ಗುಡ್ ಸಿಂಧು. ನೋಡು, ಈಗ ನಿನಗೆ ಕೃತಿ ಅರ್ಥ ಆಯ್ತು” ಅಂದರು. ಅವರ ಮುಖಕ್ಕೆ ಏನಾದರೂ ಅನ್ನಬೇಕಿತ್ತು. ಥ್ಯಾಂಕ್ಯೂ ಸಾರ್ ಅಂದೆ. ಅವರು ಮುಂದಿನ ವರ್ಷವೂ ಅದೇ ಪುಸ್ತಕ ಅಂತ ಹೇಳಿಕೊಂಡು ಹೋದರು.

ಮನೆಗೆ ಬರುವಷ್ಟರಲ್ಲಿ ಅವ್ವ ಅಜ್ಜಿಗೆ ಸುದ್ದಿ ಮುಟ್ಟಿಸಿದ್ದಳು. ಅಜ್ಜಿ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡಳು. ಅವಳ ಕೈಯಲ್ಲೂ ಸೊಪ್ಪಿನ ಅಂಟು. “ಪಾಸಾದ್ಯಂತೆ! ಕುಳ್ಳಮ್ಮನ್ ಮಗನ್ನ ಬದುಕ್ಸ್ಕಂಡೇ ಪಾಸಾದ್ಯಾ?”

ಅಪ್ಪ ಟೆಂಪೊ ಒರೆಸುತ್ತಿದ್ದವನು ಕೈ ನಿಲ್ಲಿಸಿದ.

“ಹೂಂ ಅಜ್ಜಿ” ಅಂದೆ.

ಅಜ್ಜಿ ಒಳಗೆ ಹೋಗಿ ಸಕ್ಕರೆ ಡಬ್ಬಿಯನ್ನೇ ಎತ್ತಿಕೊಂಡು ಬಂದಳು. “ಏ ಸುನಂದಿ, ಬಾರೇ ಇತ್ಲಾಗೆ! ಅಷ್ಟ್ ದೊಡ್ ಪುಸ್ತಕ, ಅಷ್ಟೊಂದ್ ಓದಿರೋರು, ಯಾರ್ಗೂ ಜಗ್ಗಲಿಲ್ಲ ಕಣೇ ನಮ್ ಸಿಂಧು! ಉಳಿಸ್ಬುಟ್ಲು ಕಣೇ!” ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಆಮೇಲೆ ಅಪ್ಪನ ಹತ್ತಿರ ಹೋಗಿ ಅವನ ಗಲ್ಲ ಹಿಡಿದು, “ಬಾಯ್ ತಗಿ. ಇನ್ನೇನೂ ಭಯ ಇಲ್ಲ. ನೂರ್ ವರ್ಷ ಬಾಳು ಕುಳ್ಳಮ್ಮನ್ ಮಗ್ನೆ” ಅಂದಳು.

ಅಪ್ಪ ಬಾಯಿ ತೆಗೆದ. ನನ್ನ ಕಡೆ ನೋಡಲಿಲ್ಲ.